ಅಪ್ಪಯ್ಯನ ಗಿಣಿಮೂಗಿನ ಚಾಕು

ಚಾಕು ಕೆಡಿಸಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ಮಳೆಗಾಲದಲ್ಲಿ ಕೊಪ್ಪದ ಹತ್ತಿರದ ನಮ್ಮ ಮನೆಯಿಂದಲೇ ಎರಡು ತಿಂಗಳು ಕೆಲಸ ಮಾಡುತ್ತಿದ್ದೆ. ಒಂದು ದಿನ ಪೇಟೆಗೆ ಹೊರಟಾಗ ಅಪ್ಪಯ್ಯ ಜೇಬಿನಿಂದ ತಮ್ಮ ಮಡಿಚುವ ಚಾಕು ತೆಗೆದು ಕೊಟ್ಟರು. "ಹೆಂಗೂ ಹೋಗ್ತೀಯಲ್ಲ, ಇದಕ್ಕೊಂದು ಸಾಣೆ ಹಿಡಿಸ್ಕೊಂಡು ಬಾ." ಮೊದಲೆಲ್ಲ ಪೇಟೆಯ ಒಬ್ಬ ಹಳೇ ಕಮ್ಮಾರರು ಇದನ್ನು ಹದ ಮಾಡಿ ಕೊಡುತ್ತಿದ್ದರು. ಅವರ ಕುಲುಮೆ ಮುಚ್ಚಿ ಕೆಲವು ವರ್ಷ ಆಯಿತು. ಅಲ್ಲಿಂದೀಚೆಗೆ ಚಾಕು ಮೊಂಡಾಗುತ್ತಲೇ ಬಂದಿತ್ತು. ಅಪ್ಪಯ್ಯ ಒತ್ತಿ ಒತ್ತಿ ಹೇಗೋ ಸುಧಾರಿಸುತ್ತಿದ್ದರು.

ಆ ಚಾಕು ಹೇಗಿದೆ ಅಂದರೆ, ಬಿಡಿಸಿದರೆ ಗಿಣಿಯ ಮೂಗು. ಅಲಗು ಒಳಗಡೆಗೆ ಬಾಗಿದೆ, ಹರಿತವಿರುವುದು ಆ ಬಾಗಿದ ಒಳಬದಿಗೆ. ಉದ್ದ ಎಂಟು ಸೆಂಟಿಮೀಟರ್ ಇರಬಹುದು. ಹಿಡಿ ಮರದ್ದು, ಅಪ್ಪಯ್ಯನ ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದು ಸಣ್ಣ ತಗ್ಗಾಗಿದೆ. ಹೊಳೆಯುವ ಸ್ಟೀಲಲ್ಲ, ತುಕ್ಕು ಹಿಡಿಯುವ ಜಾತಿಯದು. ಬಾಳೆಯ ಸೊನೆ, ಅಡಿಕೆಯ ಚೊಗರು ಕುಡಿದು ಕುಡಿದು ಕಪ್ಪಾಗಿದೆ.

ತೋಟದಲ್ಲಿ ಈ ಆಕಾರಕ್ಕೆ ಕಾರಣ ಇದೆ. ನೆಟ್ಟಗಿನ ಚಾಕುವಿನಲ್ಲಿ ಒಂದು ಎಳೇ ರೆಂಬೆ ಕೊಯ್ಯಲು ಹೋದರೆ ಅದು ಅಲಗಿನ ಮೇಲೆ ಜಾರಿ ಮೊನೆಯ ಕಡೆಯಿಂದ ತಪ್ಪಿಸಿಕೊಳ್ಳುತ್ತದೆ. ಬಾಗಿದ ಚಾಕುವಿನಲ್ಲಿ ಹಾಗಾಗುವುದಿಲ್ಲ. ಕೊಕ್ಕೆ ಹಾಕಿದ ಹಾಗೆ ರೆಂಬೆಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕಡೆಗೆ ಎಳೆದರೆ ಸಾಕು, ಕೊಯ್ದು ಬರುತ್ತದೆ. ಮೆಣಸಿನ ಬಳ್ಳಿಗೆ ಕಟ್ಟಿದ ಹಳೇ ಬಾಳೆಪಟ್ಟೆ ಬಿಚ್ಚುವುದಕ್ಕೆ, ಬಳ್ಳಿಯ ತುಂಡು ಮಾಡುವುದಕ್ಕೆ, ಬಾಳೆ ಎಲೆ ಕೊಯ್ಯುವುದಕ್ಕೆ, ಗೊಬ್ಬರದ ಚೀಲದ ಹೊಲಿಗೆ ಹರಿಯುವುದಕ್ಕೆ ಎಲ್ಲಕ್ಕೂ ಇದೇ.

ಪೇಟೆಯಲ್ಲಿ ನಾನು ಅದನ್ನು ಒಂದು ಲೇತ್ ಅಂಗಡಿಗೆ ಕೊಟ್ಟೆ. ಹುಡುಗ ತಿರುಗುವ ಗ್ರೈಂಡರ್ ಚಕ್ರಕ್ಕೆ ಒತ್ತಿದ. ಚುರ್ ಅಂತ ಕಿಡಿ ಹಾರಿತು. ಮೂರು ನಿಮಿಷದಲ್ಲಿ ಕೆಲಸ ಮುಗಿಯಿತು. ಕೂದಲು ಬೋಳಿಸುವಷ್ಟು ಹರಿತ. ನಾನು ಖುಷಿಯಾಗಿ ದುಡ್ಡು ಕೊಟ್ಟು ಬಂದೆ.

ಅಪ್ಪಯ್ಯ ಚಾಕು ಬಿಡಿಸಿ ಬೆಳಕಿಗೆ ಹಿಡಿದರು. "ಇದೆಂತ ಬಣ್ಣ?" ಅಂದರು. ಮೊನೆಯ ಹತ್ತಿರ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ ನೀಲಿಯಾಗಿತ್ತು. ಅದರ ಹಿಂದೆ ನೇರಳೆ, ಅದರ ಹಿಂದೆ ಹುಲ್ಲಿನ ಬಣ್ಣ. ನೋಡೋಕೆ ಚೆಂದವೇ ಇತ್ತು, ನೀರಿನ ಮೇಲೆ ಪೆಟ್ರೋಲ್ ಬಿದ್ದ ಹಾಗೆ. ಅಪ್ಪಯ್ಯ ಮತ್ತೇನೂ ಹೇಳಲಿಲ್ಲ. ಮಡಿಚಿ ಜೇಬಿಗೆ ಹಾಕಿಕೊಂಡರು. ನಾಲ್ಕು ದಿನಕ್ಕೆ ಚಾಕು ನನ್ನ ಲ್ಯಾಪ್‌ಟಾಪ್ ಪಕ್ಕ ಬಂದು ಕೂತಿತ್ತು. ಮೊನೆ ಒಂದು ಬದಿಗೆ ಮಡಚಿಕೊಂಡಿತ್ತು, ತಗಡಿನ ಹಾಗೆ.

ಆಮೇಲೆ ಓದಿ ತಿಳಿದುಕೊಂಡೆ. ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿ ಗಟ್ಟಿತನ ತರುತ್ತಾರೆ. ಆಮೇಲೆ ಯಾವತ್ತಾದರೂ ಆ ಬಿಸಿ ಮೀರಿದರೆ ಹದ ಹೋಗುತ್ತದೆ. ಬಣ್ಣವೇ ಥರ್ಮಾಮೀಟರ್. ತಿಳಿ ಹುಲ್ಲಿನ ಬಣ್ಣ ಬಂದರೆ ಸುಮಾರು 220 ಡಿಗ್ರಿ ಮುಟ್ಟಿದೆ, ನೀಲಿ ಬಂದರೆ 300ರ ಹತ್ತಿರ. ನೀಲಿ ಹದ ಗಡಿಯಾರದ ಸ್ಪ್ರಿಂಗಿಗೆ ಸರಿ, ಚಾಕುವಿಗಲ್ಲ. ಅಲಗಿನ ಬಾಯಿ ಕಾಗದದಷ್ಟು ತೆಳು ಇರುವುದರಿಂದ ಚಕ್ರದ ಬಿಸಿ ಒಂದೆರಡು ಸೆಕೆಂಡಿನಲ್ಲೇ ಅಲ್ಲಿ ಏರಿಬಿಡುತ್ತದೆ. ಪಕ್ಕದಲ್ಲಿ ಒಂದು ಡಬ್ಬಿ ನೀರಿಟ್ಟುಕೊಂಡು ಆಗಾಗ ಅದ್ದಿದ್ದರೆ ಆಗುತ್ತಿತ್ತು. ಹುಡುಗ ಅದ್ದಲಿಲ್ಲ, ನಾನು ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲವಲ್ಲ.

ಹದ ಹೋದ ಭಾಗವನ್ನು ಮಸೆದು ಸರಿ ಮಾಡುವ ಹಾಗಿಲ್ಲ. ಅಷ್ಟನ್ನು ತೆಗೆದೇ ಹಾಕಬೇಕು. ಖಾತ್ರಿ ಮಾಡಿಕೊಳ್ಳಲು ಕೊಟ್ಟಿಗೆಯಲ್ಲಿದ್ದ ಸಣ್ಣ ಅರ ತಂದು ತೀಡಿ ನೋಡಿದೆ. ಅಲಗಿನ ನಡುಭಾಗದಲ್ಲಿ ಅರ ಜಾರಿತು. ನೀಲಿ ಇದ್ದಲ್ಲಿ ಬೆಣ್ಣೆಗೆ ಬಿದ್ದ ಹಾಗೆ ಕಚ್ಚಿತು.

ಹಾಗಾಗಿ ಮೊದಲ ಕೆಲಸ ಗಿಣಿಯ ಮೂಗು ಕೊಯ್ಯುವುದು. ಇಲ್ಲಿ ಒಂದು ಉಪಾಯ ಇದೆ. ಬಾಯಿಯ ಕಡೆಯಿಂದ ಉಜ್ಜಿದರೆ ಮೊನೆ ಮೊಂಡಾಗಿ, ಅಲಗಿನ ಆಕಾರವೇ ಹೋಗುತ್ತದೆ. ಬೆನ್ನಿನ ಕಡೆಯಿಂದ ಉಜ್ಜುತ್ತಾ ಬರಬೇಕು. ಬೆನ್ನು ಇಳಿದು ಇಳಿದು ಬಾಯಿಯನ್ನು ಸೇರುವ ಜಾಗವೇ ಹೊಸ ಮೊನೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಾಣೆಕಲ್ಲು ತಂದೆ, ಒಂದು ಬದಿ ತರಿ, ಇನ್ನೊಂದು ಬದಿ ನಯ. ಎರಡು ಸಂಜೆ ತರಿ ಬದಿಯ ಮೇಲೆ ನೀರು ಚಿಮುಕಿಸಿಕೊಂಡು ಉಜ್ಜಿದೆ. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು. ಅಮ್ಮ ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ, "ಎಂತ ಮಾರಾಯ, ಆಗಿಂದ ಗರಗರ ಗರಗರ. ಹಲ್ಲು ಜುಂ ಅಂತದೆ ನಂಗೆ" ಅಂದರು. ಅಲಗಿನ ಉದ್ದ ಏಳೂವರೆ ಸೆಂಟಿಮೀಟರಿಗಿಂತ ಕಡಿಮೆಗೆ ಇಳಿಯಿತು. ಆದರೆ ಮೊನೆ ಬಂತು.

ಇನ್ನು ಬಾಯಿ ಹರಿತ ಮಾಡುವುದೊಂದೇ ಬಾಕಿ ಅಂದುಕೊಂಡೆ. ನಿಜವಾದ ಪಾಡು ಶುರುವಾದದ್ದು ಇಲ್ಲಿಂದ.

ಅಡುಗೆಮನೆಯ ಚಾಕುವನ್ನು ನಾನು ಮೊದಲೇ ಕಲ್ಲಿನ ಮೇಲೆ ಮಸೆದಿದ್ದೇನೆ. ಅದೇ ಧೈರ್ಯದಲ್ಲಿ ಇದನ್ನೂ ಚಪ್ಪಟೆ ಕಲ್ಲಿನ ಮೇಲೆ ಓರೆಯಾಗಿಟ್ಟು ಎಳೆದೆ. ಅರ್ಧ ಗಂಟೆ. ಕಾಗದ ಕೊಯ್ದು ನೋಡಿದರೆ ಬುಡದಲ್ಲಿ ಕೊಯ್ಯುತ್ತದೆ, ಮೊನೆಯಲ್ಲಿ ಕೊಯ್ಯುತ್ತದೆ, ನಡುವೆ ಹರಿಯುತ್ತದೆ. ನಡುವೆಯೇ ಅಲ್ವಾ ರೆಂಬೆ ಬಂದು ಕೂರುವುದು! ಇನ್ನಷ್ಟು ಒತ್ತಿದೆ. ಅದೇ ಕಥೆ.

ಆಗ ಎಲ್ಲೋ ಓದಿದ ಮಾರ್ಕರ್ ಉಪಾಯ ನೆನಪಾಯಿತು. ಅಳಿಸದ ಕಪ್ಪು ಮಾರ್ಕರ್ ಪೆನ್ನಿನಿಂದ ಬಾಯಿಯ ಉದ್ದಕ್ಕೂ ಬಳಿದು, ಕಲ್ಲಿನ ಮೇಲೆ ಹತ್ತು ಸಲ ಎಳೆದು, ಎಲ್ಲಿ ಮಸಿ ಹೋಗಿದೆ ಅಂತ ನೋಡುವುದು. ನೋಡಿದೆ. ಎರಡು ತುದಿಯಲ್ಲಿ ಮಸಿ ಹೋಗಿ ಲೋಹ ಹೊಳೆಯುತ್ತಿತ್ತು. ನಡುವಿನ ಮೂರು ಬೆರಳಗಲದಲ್ಲಿ ಮಸಿ ಹಾಗೇ ಕೂತಿತ್ತು. ನಾನು ಅರ್ಧ ಗಂಟೆ ಆ ಜಾಗವನ್ನು ಮುಟ್ಟೇ ಇರಲಿಲ್ಲ. ಹೇಳಿದರೆ ಸಣ್ಣ ಮಗುವಿಗೂ ಅರ್ಥವಾಗುತ್ತದೆ: ಬಾಗಿದ್ದರ ಒಳಬದಿಗೆ ಚಪ್ಪಟೆ ಕಲ್ಲು ತಾಗುವುದು ಹೇಗೆ? ದೋಣಿಯನ್ನು ಬೋರಲು ಹಾಕಿದರೆ ಎರಡು ತುದಿ ಮಾತ್ರ ನೆಲಕ್ಕೆ ತಾಗುವ ಹಾಗೆ.

ಜಾಣತನ ಮಾಡಲು ಹೋಗಿ ಕಲ್ಲಿನ ಅಂಚಿನಿಂದ ಉಜ್ಜಿದೆ. ಅಂಚು ಕಿರಿದಲ್ವಾ, ಒಳಗೆ ಹೋಗುತ್ತದೆ ಅಂತ. ಹೋಯಿತು. ಹೋಗಿ ಒಂದು ಗುಳಿ ಮಾಡಿತು. ಹೊಸ ಕಲ್ಲಿನ ಅಂಚು ಚೂಪಾಗಿರುತ್ತದೆ. ಒಂದೇ ಜಾಗದಲ್ಲಿ ನಾಲ್ಕು ಸಲ ಎಳೆದರೆ ಬಾಯಿಯಲ್ಲಿ ಅಕ್ಕಿಕಾಳು ಕೂರುವಷ್ಟು ತಗ್ಗು ಬೀಳುತ್ತದೆ. ಆ ತಗ್ಗು ಹೋಗಬೇಕಾದರೆ ಅದರ ಆಚೀಚಿನದೆಲ್ಲ ಇಳಿಯಬೇಕು. ಅವತ್ತು ಕಲ್ಲು ಎತ್ತಿಟ್ಟು ಮಲಗಿದೆ.

ಮಾರನೇ ದಿನ ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ಈಳಿಗೆ ಮಣೆಯ ಮುಂದೆ ಕೂತಿದ್ದರು. ಹಲಸಿನಕಾಯಿ ಹೆಚ್ಚುವ ಮೊದಲು ಈಳಿಗೆಗೆ ಕಲ್ಲು ಉಜ್ಜುತ್ತಿದ್ದರು. ಮಣೆಯ ಮೇಲೆ ಕಾಲು. ಎಡಗೈ ಈಳಿಗೆಯ ಬೆನ್ನಿಗೆ. ಬಲಗೈಯಲ್ಲಿ ಹೊಳೆಯಿಂದ ತಂದ ಒಂದು ಉರುಟು ಕಲ್ಲು. ಈಳಿಗೆ ಅಲುಗುತ್ತಿರಲಿಲ್ಲ. ಕಲ್ಲು ಓಡಾಡುತ್ತಿತ್ತು.

ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಗೂ ಹೀಗೇ ಮಾಡುತ್ತಾರೆ. ಕತ್ತಿ ಮಣೆಗೆ ಕಚ್ಚಿಕೊಂಡಿರುತ್ತದೆ, ಕಿತ್ತು ಕಲ್ಲಿನ ಹತ್ತಿರ ಒಯ್ಯಲು ಆಗುವುದಿಲ್ಲ. ಕಲ್ಲೇ ಕತ್ತಿಯ ಹತ್ತಿರ ಬರಬೇಕು. ಚಾಕು ಕೈಯಲ್ಲಿ ಹಿಡಿಯುವ ವಸ್ತು ಆದ್ದರಿಂದ ಚಾಕುವನ್ನೇ ಓಡಾಡಿಸಬೇಕು ಅಂತ ನಾನು ಅಂದುಕೊಂಡಿದ್ದೆ, ಅಷ್ಟೇ.

ಅಮ್ಮನಿಗೆ ಹೇಳಿದೆ. "ಅದು ಗೊತ್ತಿಲ್ಲದೆ ಎರಡು ದಿನ ಗರಗರ ಮಾಡಿದ್ಯಾ?" ಅಂದರು. ಆಮೇಲೆ ಹೆಚ್ಚುತ್ತಲೇ, ತಾವು ಮದುವೆಯಾಗಿ ಈ ಮನೆಗೆ ಬಂದಾಗ ಕಲ್ಲೂ ಇರಲಿಲ್ಲ, ಒಂದು ಮರದ ಹಲಗೆ ಇತ್ತು ಅಂದರು. ಬೆಣಚುಕಲ್ಲು ಕುಟ್ಟಿ ಪುಡಿ ಮಾಡಿ ಆ ಹಲಗೆಯ ಮೇಲೆ ಉದುರಿಸಿ ಕತ್ತಿ ಉಜ್ಜುತ್ತಿದ್ದರಂತೆ. ಅಜ್ಜಯ್ಯನಿಗೆ ಅದೇ ಆಗಬೇಕಿತ್ತಂತೆ. ಹಲಗೆಯ ನಡುವೆ ಸವೆದು ದೋಣಿಯ ಹಾಗೆ ಆಗಿತ್ತಂತೆ. ಕಡೆಗೆ ಒಲೆಗೆ ಹೋಯಿತಂತೆ.

ಅಲ್ಲಿಗೆ ನನಗೆ ಬೇಕಾದದ್ದು ಸಿಕ್ಕಿತು. ಬೇಕಾದ ಆಕಾರದ ಮರ, ಅದರ ಮೇಲೆ ಗಟ್ಟಿ ಪುಡಿ. ಬೆಣಚು ಕುಟ್ಟುತ್ತಾ ಕೂರಬೇಕಿಲ್ಲ, ಪುಡಿ ಅಂಟಿಸಿದ ಕಾಗದವೇ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ವಾಟರ್ ಪೇಪರ್. ಗಾಡಿಗೆ ಬಣ್ಣ ಹೊಡೆಯುವವರು ನೀರು ಹಾಕಿಕೊಂಡು ಉಜ್ಜುತ್ತಾರಲ್ಲ, ಆ ಕಪ್ಪು ಕಾಗದ. ಅದರ ಮೇಲಿರುವುದು ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬವರು ಕೃತಕ ವಜ್ರ ಮಾಡಲು ಹೊರಟಾಗ ಸಿಕ್ಕಿದ್ದು. ಅವರು ಅದಕ್ಕೆ ಕಾರ್ಬೊರಂಡಂ ಅಂತ ಹೆಸರಿಟ್ಟರು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವತ್ತಿಗೂ ಸಾಣೆಕಲ್ಲಿಗೆ ಕಾರ್ಬೊರಂಡಂ ಕಲ್ಲು ಅನ್ನುವವರು ಇದ್ದಾರೆ. ಗಟ್ಟಿತನದ ಅಳತೆಯಲ್ಲಿ ವಜ್ರಕ್ಕೆ 10, ಬೆಣಚಿಗೆ 7. ಈ ಪುಡಿ 9ರ ಮೇಲಿದೆ. ಅಜ್ಜಯ್ಯನ ಹಲಗೆಯೂ ಕೆಲಸ ಮಾಡುತ್ತಿತ್ತು, ಹೊತ್ತು ಜಾಸ್ತಿ ಹಿಡಿಯುತ್ತಿತ್ತು.

ಕಾಗದ ಸುತ್ತಲು ಉರುಟಾದ ಕೋಲು ಬೇಕಿತ್ತು. ಲಟ್ಟಣಿಗೆಯ ಮೇಲೆ ಕಣ್ಣು ಹಾಕಿದೆ, ಅಮ್ಮನ ಮುಖ ನೋಡಿ ಅಲ್ಲೇ ಬಿಟ್ಟೆ. ಪೆನ್ಸಿಲಿಗೆ ಸುತ್ತಿ ನೋಡಿದೆ. ತೀರಾ ಸಣ್ಣದಾಯಿತು, ಬಾಯಿಯಲ್ಲಿ ಅಲೆ ಅಲೆ ಬರಲು ಶುರುವಾಯಿತು. ಕಡೆಗೆ ನೆಲ ಒರೆಸುವ ಹಳೇ ಮಾಪಿನ ಮರದ ಕೋಲು ಸಿಕ್ಕಿತು, ಹೆಬ್ಬೆರಳಿಗಿಂತ ಒಂಚೂರು ದಪ್ಪ. ಒಂದು ಗೇಣು ಉದ್ದದ ಮೂರು ತುಂಡು ಮಾಡಿ, ಎರಡೂ ಬದಿ ಅಂಟುವ ಟೇಪ್ ಹಾಕಿ, ಒಂದಕ್ಕೆ 400, ಒಂದಕ್ಕೆ 800, ಒಂದಕ್ಕೆ 1500 ನಂಬರಿನ ಕಾಗದ ಸುತ್ತಿದೆ. ನಂಬರ್ ಹೆಚ್ಚಿದಷ್ಟೂ ಪುಡಿ ನಯ. ಕಾಗದದ ಎರಡು ಅಂಚು ಒಂದರ ಮೇಲೊಂದು ಬರದ ಹಾಗೆ ನೋಡಿಕೊಳ್ಳಬೇಕು. ಬಂದರೆ ಆ ಏಣು ಅಲಗಿಗೆ ಸಿಕ್ಕಿ ಕಾಗದ ಕಿತ್ತುಬರುತ್ತದೆ.

ಇನ್ನು ಚಾಕು ಅಲುಗಬಾರದು. ಇಲ್ಲಿ ನಾನು ಕೈ ಕೊಯ್ದುಕೊಂಡೆ. ಹೇಗೆ ಅಂತ ಸರಿಯಾಗಿ ಹೇಳುತ್ತೇನೆ, ಯಾಕೆಂದರೆ ಮಡಿಚುವ ಚಾಕು ಮಸೆಯುವವರು ಯಾರೂ ಈ ತಪ್ಪು ಮಾಡಬಹುದು. ಈ ಚಾಕುವಿಗೆ ಲಾಕ್ ಇಲ್ಲ. ಒಳಗೆ ಒಂದು ಪಟ್ಟಿ ಸ್ಪ್ರಿಂಗ್ ಇದೆ, ಅದರ ಬಿಗಿಯಲ್ಲೇ ಅಲಗು ನಿಲ್ಲುತ್ತದೆ. ಬಾಯಿಯ ಕಡೆಯಿಂದ ಒತ್ತಿದರೆ ಏನೂ ಆಗುವುದಿಲ್ಲ. ಬೆನ್ನಿನ ಕಡೆಯಿಂದ ಒತ್ತಿದರೆ ಮಡಚಿಕೊಳ್ಳುತ್ತದೆ. ನಾನು ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಊರಿ, ಎಡಗೈಯಲ್ಲಿ ಹಿಡಿಯನ್ನು ಕೆಳಕ್ಕೆ ಒತ್ತಿ ಹಿಡಿದಿದ್ದೆ. ಅಂದರೆ ಮೇಜೇ ಬೆನ್ನನ್ನು ಮೇಲಕ್ಕೆ ತಳ್ಳುತ್ತಿತ್ತು. ಟಪ್. ತೋರುಬೆರಳಿನ ಗೆಣ್ಣಿನ ಮೇಲೆ. ಮೊಂಡು ಚಾಕು ಆದ್ದರಿಂದ ಬಚಾವ್ ಅಂತ ಹೇಳುವ ಹಾಗೂ ಇಲ್ಲ, ಮೊನೆ ಆಗಲೇ ಹರಿತ ಆಗಿತ್ತಲ್ಲ. ನಲ್ಲಿ ನೀರಿನಲ್ಲಿ ತೊಳೆದು ಬಟ್ಟೆ ಸುತ್ತಿಕೊಂಡೆ. ಸಂಜೆ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಅಪ್ಪಯ್ಯ ಬಟ್ಟೆ ಸುತ್ತಿದ ಬೆರಳು ನೋಡಿದರು, ಆಗಲೂ ಏನೂ ಹೇಳಲಿಲ್ಲ. ಅವರು ಏನಾದರೂ ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಎರಡು ದಿನ ಬಿಟ್ಟು ಹೆಂಚಿನ ಮಾಡಿನ ಕೆಲಸದಲ್ಲಿ ಉಳಿದಿದ್ದ ಎರಡು ರೀಪಿನ ತುಂಡು ತಂದೆ. ಅಲಗನ್ನು ಅವುಗಳ ನಡುವೆ ಇಟ್ಟು, ಬಾಯಿ ಮೇಲೆ ಮಾಡಿ, ಒಂದು ಸೆಂಟಿಮೀಟರ್ ಮಾತ್ರ ಹೊರಗೆ ಕಾಣುವ ಹಾಗೆ ಸಿ ಕ್ಲಾಂಪಿನಲ್ಲಿ ಮೇಜಿಗೆ ಬಿಗಿದೆ. ಈಗ ಅದು ಈಳಿಗೆಯಾಯಿತು. ಎರಡೂ ಕೈ ಬಿಡುವಾಯಿತು.

ಎಷ್ಟು ಓರೆ ಹಿಡಿಯಬೇಕು ಅನ್ನುವುದೇ ಮಸೆಯುವ ಕೆಲಸದ ಜೀವ. ತೋಟದ ಚಾಕುವಿಗೆ ಒಂದೊಂದು ಬದಿಗೆ 20 ಡಿಗ್ರಿ ಆಸುಪಾಸು ಸಾಕು. ಇದಕ್ಕಿಂತ ಚಪ್ಪಟೆ ಮಾಡಿದರೆ ಬಾಯಿ ತೆಳುವಾಗಿ, ಗಟ್ಟಿ ರೆಂಬೆಗೆ ಸಿಕ್ಕಿದಾಗ ಕಚ್ಚು ಬೀಳುತ್ತದೆ. ತೀರಾ ಎತ್ತರಿಸಿದರೆ ಕೊಯ್ಯುವ ಬದಲು ಸೀಳುತ್ತದೆ. 20 ಡಿಗ್ರಿ ಅಂದರೆ ಎಷ್ಟು? ಒಂದು ಕಾಗದದ ಮೂಲೆ 90. ಅದನ್ನು ಸರಿಯಾಗಿ ಅರ್ಧ ಮಡಿಚಿದರೆ 45. ಇನ್ನೊಮ್ಮೆ ಮಡಿಚಿದರೆ ಇಪ್ಪತ್ತೆರಡೂವರೆ. ಆ ತ್ರಿಕೋನವನ್ನು ಅಲಗಿನ ಪಕ್ಕ ನಿಲ್ಲಿಸಿ, ಅದಕ್ಕಿಂತ ಒಂಚೂರು ಕಡಿಮೆ ಓರೆಗೆ ಕೋಲು ಹಿಡಿದೆ. ಮೊದಲ ಐದು ನಿಮಿಷ ತ್ರಿಕೋನ ನೋಡುತ್ತಾ ಮಾಡಿದೆ. ಆಮೇಲೆ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಕೋಲು ಎಳೆಯುವ ದಿಕ್ಕಿನಲ್ಲೂ ಒಂದು ಪಾಠ ಇತ್ತು. ಮೊದಲು ಮೇಲಿನಿಂದ ಕೆಳಕ್ಕೆ, ಬಾಯಿಯ ಕಡೆಯಿಂದ ಬೆನ್ನಿನ ಕಡೆಗೆ ಎಳೆದೆ. ಮೂರನೇ ಎಳೆತಕ್ಕೆ ಅಲಗು ಕಾಗದವನ್ನು ಸಿಪ್ಪೆ ಸುಲಿದ ಹಾಗೆ ಸುಲಿಯಿತು. ಕಲ್ಲಾದರೆ ಯಾವ ಕಡೆಗೆ ಉಜ್ಜಿದರೂ ನಡೆಯುತ್ತದೆ. ಕಾಗದಕ್ಕೆ ಮಾತ್ರ ಬೆನ್ನಿನಿಂದ ಬಾಯಿಯ ಕಡೆಗೇ ಎಳೆಯಬೇಕು. ಅಂದರೆ ನನ್ನ ಈ ಜೋಡಣೆಯಲ್ಲಿ ಕೆಳಗಿನಿಂದ ಮೇಲಕ್ಕೆ. ಕೈಯೂ ಬಾಯಿಯಿಂದ ದೂರ ಹೋಗುತ್ತದೆ, ಅದೂ ಒಳ್ಳೆಯದೇ. ಎಳೆಯುವಾಗಲೇ ಕೋಲನ್ನು ಬುಡದಿಂದ ಮೊನೆಯ ಕಡೆಗೆ ಸರಿಸುತ್ತಾ ಹೋಗಬೇಕು. ಒಂದೇ ಜಾಗದಲ್ಲಿ ನಿಂತರೆ ಮತ್ತೆ ಗುಳಿ.

ಮಸಿ ಬಳಿದು ಶುರು ಮಾಡಿದೆ. ಹತ್ತು ಎಳೆತ, ಒಮ್ಮೆ ನೋಡುವುದು. ಮಸಿ ಬಾಯಿಯ ತುದಿಯಲ್ಲಿ ಉಳಿದು ಅದರ ಕೆಳಗೆ, ಓರೆ ಶುರುವಾಗುವ ಭುಜದಲ್ಲಿ ಮಾತ್ರ ಹೋಗಿದ್ದರೆ ಕೋಲು ತೀರಾ ಮಲಗಿದೆ ಅಂತ ಅರ್ಥ. ತುದಿಯ ಗೆರೆಯಲ್ಲಿ ಮಾತ್ರ ಹೋಗಿದ್ದರೆ ತೀರಾ ಎದ್ದಿದೆ. ಎರಡೂ ಕಡೆ ಹೋಗಿದ್ದರೆ ಸರಿ. ಈ ಸಲ ನಡುವೆಯೂ ಮಸಿ ಹೋಗಿತ್ತು. ಲೋಹ ಬೆಳ್ಳಗೆ ಕಂಡಿತು. ಮನೆಯಲ್ಲಿ ಯಾರೂ ಹತ್ತಿರ ಇರಲಿಲ್ಲ, ಇದ್ದಿದ್ದರೆ ಕರೆದು ತೋರಿಸುತ್ತಿದ್ದೆ.

ನನ್ನ ಹಳೇ ಗುಳಿಯ ದೆಸೆಯಿಂದ 400ರಲ್ಲೇ ಒಂದು ಗಂಟೆ ಹಿಡಿಯಿತು. ಹೊರಗೆ ಮಳೆ, ಕರೆಂಟಿಲ್ಲ, ಲ್ಯಾಪ್‌ಟಾಪ್ ಚಾರ್ಜ್ ಮುಗಿದಿತ್ತು. ಆಫೀಸಿನವರಿಗೆ ನೆಟ್‌ವರ್ಕ್ ಇಲ್ಲ ಅಂತ ಹೇಳಿದ್ದೆ, ಅದು ಸುಳ್ಳೂ ಅಲ್ಲ.

ಒಂದು ಬದಿ ಮುಗಿಯಿತು ಅಂತ ಗೊತ್ತಾಗುವುದು ಹೇಗೆ ಅನ್ನುವುದು ನನಗೆ ಬಹಳ ದಿನ ಒಗಟಾಗಿತ್ತು. ಎಳೆತ ಎಣಿಸಿದರೆ ಆಗುವುದಿಲ್ಲ. ಒಂದು ಬದಿಯಿಂದ ಸವೆಯುತ್ತಾ ಸವೆಯುತ್ತಾ ಲೋಹ ತುದಿಗೆ ಬಂದಾಗ, ಕೂದಲಿಗಿಂತ ತೆಳು ಅಂಚೊಂದು ಇನ್ನೊಂದು ಬದಿಗೆ ಮಡಚಿಕೊಳ್ಳುತ್ತದೆ. ಬರ್ ಅನ್ನುತ್ತಾರೆ. ಕಣ್ಣಿಗೆ ಕಾಣುವುದು ಕಷ್ಟ. ನಾನು ಕಂಡುಕೊಂಡ ಉಪಾಯ ದೇವರ ಮನೆಯ ಹತ್ತಿ. ಬತ್ತಿಗೆ ಇಟ್ಟಿದ್ದ ಹತ್ತಿಯ ಒಂದು ಚೂರನ್ನು ಉಜ್ಜದ ಬದಿಯ ಮೇಲೆ, ಬೆನ್ನಿನಿಂದ ಬಾಯಿಯ ಕಡೆಗೆ ಹಗುರಾಗಿ ಎಳೆದರೆ, ಬರ್ ಇರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಬುಡದಲ್ಲಿ ಸಿಕ್ಕಿತು, ನಡುವೆ ಸಿಕ್ಕಿತು, ಮೊನೆಯ ಹಿಂದೆ ಒಂದು ಬೆರಳಗಲ ನುಣ್ಣಗೆ ಜಾರಿತು. ಅಂದರೆ ಅಲ್ಲಿ ಇನ್ನೂ ಆಗಿಲ್ಲ. ಅಷ್ಟು ಜಾಗಕ್ಕೆ ಮತ್ತೆ ಕೋಲು ಹಿಡಿದೆ. ಬುಡದಿಂದ ಮೊನೆಯವರೆಗೆ ಒಂದೇ ಸಮನೆ ಹತ್ತಿ ಸಿಕ್ಕಿಕೊಂಡ ಮೇಲೆ ಚಾಕು ತಿರುಗಿಸಿ ಇನ್ನೊಂದು ಬದಿ.

400ರಲ್ಲಿ ಎರಡೂ ಬದಿ ಸರಿಯಾಗಿ ಬಂದರೆ ಉಳಿದದ್ದು ಸಲೀಸು. 800, 1500 ಹತ್ತು ಹತ್ತು ನಿಮಿಷವೂ ಬೇಕಾಗಲಿಲ್ಲ. ಅವಸರಕ್ಕೆ 400 ಬಿಟ್ಟು 1500ರಿಂದ ಶುರು ಮಾಡಿದರೆ ಅಲಗು ಹೊಳೆಯುತ್ತದೆ, ಕೊಯ್ಯುವುದಿಲ್ಲ. ಅದನ್ನೂ ಮಾಡಿ ನೋಡಿದ್ದೇನೆ, ಆ ಕಥೆ ಬೇಡ.

ಕೊನೆಗೆ ಚರ್ಮ. ಹಿಂದೆ ಕ್ಷೌರದ ಅಂಗಡಿಯಲ್ಲಿ ಕುರ್ಚಿಯ ಪಕ್ಕ ಒಂದು ಚರ್ಮದ ಪಟ್ಟಿ ನೇತಾಡುತ್ತಿತ್ತಲ್ಲ, ಕತ್ತಿಯನ್ನು ಅದರ ಮೇಲೆ ಪಟಪಟ ಅಂತ ಆಚೆ ಈಚೆ ಮಾಡುತ್ತಿದ್ದರು. ಅದು ಇದಕ್ಕೇ, ಉಳಿದ ಬರ್ ತೆಗೆಯಲು. ನನ್ನ ಹಳೇ ಬೆಲ್ಟಿನ ಒಳಬದಿಯನ್ನು ಹೊರಗೆ ಮಾಡಿ ಉಳಿದ ಕೋಲಿನ ತುಂಡಿಗೆ ಸುತ್ತಿ ಮೊಳೆ ಹೊಡೆದೆ. ಹಿತ್ತಾಳೆ ತಿಕ್ಕುವ ಬ್ರಾಸೊ ಎರಡು ಹನಿ ಸವರಿ ಒಣಗಲು ಬಿಟ್ಟೆ. ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಸಲ, ಒತ್ತದೆ, ಬೆಕ್ಕಿನ ಬೆನ್ನು ಸವರಿದ ಹಾಗೆ. ಇಲ್ಲಿ ಒತ್ತಿದರೆ ಚರ್ಮ ತಗ್ಗಿ ಬಾಯಿಯನ್ನು ಸುತ್ತಿಕೊಳ್ಳುತ್ತದೆ, ಮಾಡಿದ್ದೆಲ್ಲ ಮತ್ತೆ ಉರುಟಾಗುತ್ತದೆ.

ಸೋಪು ಹಾಕಿ ತೊಳೆದು, ಒರೆಸಿ, ಅಲಗಿಗೆ ಕೊಬ್ಬರಿ ಎಣ್ಣೆ, ಮಡಿಚುವ ಕೀಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ನಮ್ಮ ಮಳೆಯಲ್ಲಿ ಇಂಥ ಉಕ್ಕು ಒಂದು ರಾತ್ರಿ ಒದ್ದೆ ಉಳಿದರೆ ಬೆಳಿಗ್ಗೆ ಕೆಂಪಾಗಿರುತ್ತದೆ.

ಕಾಗದ ಕೊಯ್ದು ನೋಡಿದೆ. ಸದ್ದಿಲ್ಲದೆ ಹೋಯಿತು. ಕಾಗದಕ್ಕಿಂತ ಸರಿಯಾದ ಪರೀಕ್ಷೆ ಬಾಳೆ ಎಲೆ. ಹಿತ್ತಲಿಗೆ ಹೋಗಿ ಎಲೆಯ ದಂಟಿಗೆ ಚಾಕು ಸಿಕ್ಕಿಸಿ ಎಳೆದೆ. ಮೊದಲೆಲ್ಲ ದಂಟು ಅರ್ಧ ಕೊಯ್ದು ಅರ್ಧ ಸೀಳಿ ನಾರು ಜೋತಾಡುತ್ತಿತ್ತು. ಈಗ ಕೊಯ್ದ ಜಾಗದಲ್ಲಿ ಜೇನುಗೂಡಿನ ಹಾಗಿನ ಕಣ್ಣುಗಳು ಒಂದೊಂದೂ ಕಾಣುತ್ತಿದ್ದವು. ನೀರು ತೊಟ್ಟಿಕ್ಕುತ್ತಿತ್ತು.

ಅಪ್ಪಯ್ಯನಿಗೆ ಕೊಟ್ಟೆ. ಬಿಡಿಸಿದರು. ಮೊದಲು ಉದ್ದ ನೋಡಿದರು. ಕಿರಿದಾಗಿದ್ದು ಗೊತ್ತಾಯಿತು ಅಂತ ಮುಖದಲ್ಲೇ ಕಂಡಿತು. ಹೆಬ್ಬೆರಳನ್ನು ಬಾಯಿಗೆ ಅಡ್ಡಲಾಗಿ ಹಗುರಾಗಿ ಸವರಿದರು. ಛತ್ರಿ ಹಿಡಿದು ತೋಟಕ್ಕೆ ಇಳಿದರು. ನಾನು ಜಗುಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ, ಕೆಲಸ ಮಾಡಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಬಂದು, ಕಾಲು ತೊಳೆದು, ಕಾಲಿಗೆ ಹತ್ತಿದ ಎರಡು ಇಂಬಳ ಕಿತ್ತು ಉಪ್ಪು ಹಾಕಿ, ಆಮೇಲೆ ಹೇಳಿದರು:

"ಮೊನೆ ಹಿಂದೆ ಒಂಚೂರು ಎಳೀತದೆ."

ಹತ್ತಿ ಜಾರಿದ್ದ ಅದೇ ಜಾಗ! ಅಲ್ಲಿ ಬಾಗು ಜಾಸ್ತಿ, ಕೋಲಿನ ಓರೆ ಅಲ್ಲಿಗೆ ಬರುವಾಗ ನನಗೆ ತಿಳಿಯದೆ ಬದಲಾಗುತ್ತಿತ್ತು. ಕ್ಲಾಂಪ್ ಸಡಿಲಿಸಿ ಅಲಗನ್ನು ಒಂದಿಷ್ಟು ತಿರುಗಿಸಿ, ಮೊನೆಯ ಭಾಗ ನನಗೆ ಎದುರಾಗುವ ಹಾಗೆ ಬಿಗಿದು ಮತ್ತೆ ಉಜ್ಜಿದೆ. ಕಾಲು ಗಂಟೆಯ ಕೆಲಸ. ಅಪ್ಪಯ್ಯ ಈ ಸಲ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಅಡಿಕೆ ಹಾಕಿಕೊಂಡು ನೋಡಿದರು. ಹತ್ತಿ ಹಿಡಿದಾಗ, "ಅದೆಂತಕ್ಕೆ?" ಅಂದರು. ತೋರಿಸಿದೆ. ತಾವೇ ಇಸಿದುಕೊಂಡು ಎರಡು ಸಲ ಎಳೆದು ನೋಡಿದರು.

ಚಾಕು ಈಗ ಅವರ ಜೇಬಿನಲ್ಲಿದೆ. ನಾನು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಅಕ್ಕ ಒಂದು ಕುಡುಗೋಲು ಹಿಡಿದುಕೊಂಡು ಬಂದರು. "ಸಾಣೆ ಹಿಡೀತೀಯಂತೆ, ಇದಕ್ಕೂ ಒಂಚೂರು ನೋಡು" ಅಂದರು. ನೋಡಿದರೆ ಹಲ್ಲು ಕುಡುಗೋಲು. ಸಣ್ಣ ಸಣ್ಣ ಹಲ್ಲುಗಳೆಲ್ಲ ಸವೆದಿದ್ದವು. ಅದಕ್ಕೆ ಕಮ್ಮಾರರು ಚಾಣದಿಂದ ಒಂದೊಂದೇ ಹಲ್ಲು ಹೊಸದಾಗಿ ಕಚ್ಚು ಹಾಕಬೇಕು, ನನ್ನ ಮಾಪಿನ ಕೋಲಿನ ಕೈಲಿ ಆಗುವ ಕೆಲಸ ಅಲ್ಲ. ಹಾಗಂತ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಜಗುಲಿಯಿಂದ ಅಪ್ಪಯ್ಯ, "ಇಟ್ಟು ಹೋಗು, ಮಾಡಿಕೊಡ್ತಾನೆ" ಅಂದರು.